ಗಾಳಿಗೆ ದಾರಿ ಬಿಡಿ, ಇಲ್ಲವೇ ಪೂರ್ತಿ ಬಾಗಿಲು ಹಾಕಿ

ನಾಲ್ಕು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ. ನಮ್ಮ ಕಣದಲ್ಲಿ ಸುಮಾರು ಅರವತ್ತು ಕ್ವಿಂಟಾಲ್ ಗೋವಿನಜೋಳ ರಾಶಿ ಬಿದ್ದಿತ್ತು. ಎದೆಯೆತ್ತರದ ಗುಡ್ಡೆ. ಪೇಟೆಯಲ್ಲಿ ರೇಟು ಬಿದ್ದಿತ್ತು, ಎರಡು ವಾರ ಕಾದರೆ ಏರಬಹುದು ಅಂತ ನಾನೇ ಮನೆಯಲ್ಲಿ ಹಟ ಹಿಡಿದೆ. ಅಷ್ಟರಲ್ಲಿ ಮೋಡ ಕಟ್ಟಿತು. ಹೊಸ ತಾಡಪಾಲು ತಂದು ಗುಡ್ಡೆಗೆ ಹೊದಿಸಿ, ಸುತ್ತ ಕಲ್ಲು ಹೇರಿ, ಹಗ್ಗ ಬಿಗಿದು, ಒಂದು ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಒಂದು ಹನಿ ನೀರು ಒಳಗೆ ಹೋಗಬಾರದು ಅನ್ನೋದಷ್ಟೇ ತಲೆಯಲ್ಲಿತ್ತು.

ಹನ್ನೆರಡನೇ ದಿನ ಅಪ್ಪ ತಾಡಪಾಲಿನ ಅಂಚು ಎತ್ತಿ ಮೊಣಕೈವರೆಗೆ ರಾಶಿಯೊಳಗೆ ಕೈ ತೂರಿಸಿ, ತಟ್ಟನೆ ಹಿಂದಕ್ಕೆಳೆದುಕೊಂಡರು. "ತಮ್ಮಾ, ಕೈ ಹಾಕಿ ನೋಡು, ಒಲಿ ಇದ್ದಂಗೈತಿ" ಅಂದರು. ಹೊರಗಿನ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೂ ತಾಡಪಾಲಿನ ಒಳಮೈ ತುಂಬ ನೀರಹನಿ. ಮೇಲಿನ ನಾಲ್ಕು ಬೆರಳು ದಪ್ಪ ಕಾಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಿತ್ತು, ಹಸಿರು ಬೂಸ್ಟು ಹಿಡಿದಿತ್ತು, ವಾಸನೆ ಬೇರೆ. ಅಷ್ಟು ನೀರು ಎಲ್ಲಿಂದ ಬಂತು ಅಂತ ಆವತ್ತು ನನಗೆ ಗೊತ್ತಾಗಲಿಲ್ಲ. ನೀರು ಬಂದಿದ್ದು ನಮ್ಮ ಜೋಳದಿಂದಲೇ. ಅದನ್ನು ಹೊತ್ತು ತಂದದ್ದು ರಾಶಿಯೊಳಗಿನ ಗಾಳಿ.

ಈ ವಾರ ನಾನು ಬರೆಯುತ್ತಿರುವುದು ಆ ಗಾಳಿಯ ಬಗ್ಗೆ. ಬೀಜ, ಗೊಬ್ಬರ, ಔಷಧಿ ಬಗ್ಗೆ ನಮ್ಮ ಫೋನಿನಲ್ಲಿ ದಿನಕ್ಕೆ ಹತ್ತು ವಿಡಿಯೊ ಬರುತ್ತವೆ. ಆರು ತಿಂಗಳು ಬೆಳೆದದ್ದನ್ನು ಆರು ವಾರ ಇಟ್ಟುಕೊಳ್ಳುವುದು ಹೇಗೆ ಅನ್ನುವುದಕ್ಕೆ ನಾವು ಕೊಡುವ ಗಮನ ಬರೀ ತಾಡಪಾಲಿನ ರೇಟಿಗೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ತಾಡಪಾಲು ಶೇಖರಣೆ ಅಲ್ಲ. ಅದು ಮಳೆ ಬಂದಾಗ ಹಿಡಿಯುವ ಕೊಡೆ. ಕೊಡೆಯನ್ನು ಮನೆ ಅಂದುಕೊಂಡಿದ್ದಕ್ಕೆ ನಾನು ದಂಡ ಕಟ್ಟಿದ್ದೇನೆ, ನನ್ನಂತೆ ಪ್ರತಿ ವರ್ಷ ಸುಮಾರು ಜನ ಕಟ್ಟುತ್ತಿದ್ದಾರೆ.

ಮೊದಲು ರಾಶಿಯನ್ನು ಸರಿಯಾಗಿ ನೋಡಿ. ಹೊರಗಿನಿಂದ ಗಟ್ಟಿ ಗುಡ್ಡೆ ಥರ ಕಾಣುತ್ತೆ. ಆದರೆ ಕಾಳಿನ ಗುಡ್ಡೆಯಲ್ಲಿ ಹತ್ತರಲ್ಲಿ ನಾಲ್ಕು ಪಾಲು ಕಾಳೇ ಅಲ್ಲ, ಬರೀ ಸಂದು. ನನ್ನ ಅರವತ್ತು ಕ್ವಿಂಟಾಲಿನ ಗುಡ್ಡೆಯಲ್ಲಿ ಹೆಚ್ಚುಕಡಿಮೆ ಮೂರು ಸಾವಿರ ಲೀಟರ್ ಗಾಳಿ ಕೂತಿತ್ತು. ಒಂದು ದೊಡ್ಡ ನೀರಿನ ಟ್ಯಾಂಕಿನಷ್ಟು. ಅದರ ಜೊತೆ ಕಾಳು ಕೂಡ ಸತ್ತ ವಸ್ತುವಲ್ಲ, ಬಿತ್ತಿದರೆ ಹುಟ್ಟುವ ಜೀವ. ಅದು ಉಸಿರಾಡುತ್ತೆ. ಗಾಳಿಯ ಆಮ್ಲಜನಕ ತಗೊಂಡು ಇಂಗಾಲದ ಡೈಆಕ್ಸೈಡ್, ನೀರಿನ ಆವಿ, ಶಾಖ ಈ ಮೂರನ್ನೂ ಬಿಡುತ್ತೆ. ಕಾಳು ಒಣಗಿದ್ದರೆ ಈ ಉಸಿರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಸಿ ಇದ್ದರೆ ಜೋರು. ಬೂಸ್ಟು ಹುಟ್ಟಿಕೊಂಡರೆ ಇನ್ನೂ ಜೋರು, ಯಾಕಂದ್ರೆ ಅದೂ ಉಸಿರಾಡುತ್ತೆ. ನಾನು ರಾಶಿ ಮಾಡಿದ ದಿನ ತೇವಾಂಶ ಶೇ. 20ರ ಹತ್ತಿರ ಇತ್ತು. ಇಡಲು ಬೇಕಾದದ್ದು ಶೇ. 14ಕ್ಕಿಂತ ಕಡಿಮೆ.

ಇನ್ನು ರಾಶಿಯ ಒಳಗೆ ನಡೆಯುವ ಕತೆ. ನಡುವಿನ ಕಾಳಿನ ಶಾಖ ಹೊರಗೆ ಹೋಗಲು ದಾರಿಯಿಲ್ಲ, ಯಾಕಂದ್ರೆ ಕಾಳೂ ಅದರ ನಡುವೆ ನಿಂತ ಗಾಳಿಯೂ ಎರಡೂ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವಂಥವಲ್ಲ. ಒಂದು ಕಂಬಳಿ ಹೊದ್ದ ಹಾಗೆ. ನಡುವೆ ಬಿಸಿಯಾದ ಗಾಳಿ ಹಗುರಾಗಿ, ಕಾಳಿನ ಸಂದುಗಳಲ್ಲೇ ನಿಧಾನಕ್ಕೆ ಮೇಲೇರುತ್ತೆ, ಏರುವಾಗ ಆವಿಯನ್ನೂ ಹೊತ್ತೊಯ್ಯುತ್ತೆ. ರಾತ್ರಿ ತಾಡಪಾಲು ತಣ್ಣಗಿರುತ್ತೆ. ಬಿಸಿ ಗಾಳಿ ಅದಕ್ಕೆ ತಾಗಿದ ಕೂಡಲೇ ಆವಿ ನೀರಾಗುತ್ತೆ, ಅನ್ನದ ಪಾತ್ರೆ ಮುಚ್ಚಳದಲ್ಲಿ ಆಗುವ ಹಾಗೆ. ಆ ಹನಿ ಮೇಲಿನ ಕಾಳಿಗೇ ಬೀಳುತ್ತೆ. ತಣ್ಣಗಾದ ಗಾಳಿ ಅಂಚುಗಳಿಂದ ಕೆಳಗಿಳಿದು ಮತ್ತೆ ನಡುವಿಗೆ ಬರುತ್ತೆ. ಯಾರೂ ಫ್ಯಾನ್ ಹಾಕಿಲ್ಲ, ಆದರೂ ಗಾಳಿ ಸುತ್ತುತ್ತಲೇ ಇರುತ್ತೆ. ಹನ್ನೆರಡು ರಾತ್ರಿ ಇದೇ ಕೆಲಸ ನಡೆದರೆ ನಾಲ್ಕು ಬೆರಳು ದಪ್ಪ ಹೆಪ್ಪು ಬರದೆ ಇನ್ನೇನು ಬರಬೇಕು?

ಈಗ ಒಂದು ಸಣ್ಣ ಪ್ರಯೋಗ. ಓದುವುದನ್ನು ನಿಲ್ಲಿಸಿ ಮಾಡಿದರೂ ಸರಿ, ಸಂಜೆ ಮಾಡಿದರೂ ಸರಿ. ಒಂದು ಲೀಟರಿನ ಎರಡು ನೀರಿನ ಬಾಟಲಿ ತಗೊಳ್ಳಿ. ತಳ ಕತ್ತರಿಸಿ. ಬಾಯಿಯ ಕಡೆ ಸೊಳ್ಳೆಪರದೆಯ ತುಂಡು ತುರುಕಿ. ತಲೆಕೆಳಗು ಮಾಡಿ ಒಂದಕ್ಕೆ ಮೆಕ್ಕೆಜೋಳ, ಇನ್ನೊಂದಕ್ಕೆ ರಾಗಿ ತುಂಬಿ. ಈಗ ಬಾಟಲಿ ಬಾಯಿಗೆ ನಿಮ್ಮ ಬಾಯಿ ಹಚ್ಚಿ ಊದಿ. ಜೋಳದಲ್ಲಿ ಉಸಿರು ಸಲೀಸಾಗಿ ದಾಟುತ್ತೆ. ರಾಗಿಯಲ್ಲಿ ಕೆನ್ನೆ ಉಬ್ಬಿಸಬೇಕು. ತಮಾಷೆ ಏನಂದ್ರೆ ಎರಡರಲ್ಲೂ ಒಟ್ಟು ಸಂದಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಒಂದೊಂದು ಸಂದಿನ ಅಗಲದಲ್ಲಿ. ರಾಗಿ ಕಾಳಿಗಿಂತ ಜೋಳದ ಕಾಳು ಸುಮಾರು ಐದು ಪಟ್ಟು ದೊಡ್ಡದು ಅಂತಿಟ್ಟುಕೊಳ್ಳಿ. ಗಾಳಿ ನಿಧಾನಕ್ಕೆ ಹರಿಯುವಾಗ ಅದರ ಸಲೀಸು ಐದು ಪಟ್ಟು ಹೆಚ್ಚುವುದಿಲ್ಲ, ಐದೈದಲೆ ಇಪ್ಪತ್ತೈದು ಪಟ್ಟು ಹೆಚ್ಚುತ್ತೆ. ಸಂದು ಅರ್ಧ ಆದರೆ ಹರಿವು ಕಾಲು ಭಾಗಕ್ಕೆ ಇಳಿಯುತ್ತೆ.

ಇನ್ನೊಂದು ಹೆಜ್ಜೆ ಬಾಕಿ ಇದೆ. ಜೋಳದ ಬಾಟಲಿ ಖಾಲಿ ಮಾಡಿ, ಅದೇ ಜೋಳಕ್ಕೆ ಎರಡು ಹಿಡಿ ನುಚ್ಚು ಬೆರೆಸಿ ಮತ್ತೆ ತುಂಬಿ ಊದಿ ನೋಡಿ. ರಾಗಿ ಬಾಟಲಿಯ ನೆನಪಾಗುತ್ತೆ. ಶೇಖರಣೆಯ ಅರ್ಧ ಪಾಠ ಈ ಎರಡು ಹಿಡಿ ನುಚ್ಚಿನಲ್ಲಿದೆ.

ಕಾಳು, ಮರಳು, ಮಣ್ಣು ಇಂಥ ಸಂದುಗಳಿರುವ ವಸ್ತುವಿನೊಳಗಿನ ಹರಿವಿನ ಲೆಕ್ಕವನ್ನು ಮೊದಲು ಹಾಕಿದವನು ಹೆನ್ರಿ ಡಾರ್ಸಿ ಅನ್ನುವ ಫ್ರಾನ್ಸಿನ ಎಂಜಿನಿಯರ್. ಡಿಜೋನ್ ಅನ್ನುವ ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದವನು. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಅಳೆದು, 1856ರಲ್ಲಿ ತನ್ನ ಸೂತ್ರ ಪ್ರಕಟಿಸಿದ. ತಳ್ಳುವ ಒತ್ತಡ ಹೆಚ್ಚಿದಷ್ಟು ಹರಿವು ಹೆಚ್ಚು, ದಾರಿ ಉದ್ದವಾದಷ್ಟು ಹರಿವು ಕಡಿಮೆ. ನಿಧಾನವಾಗಿ ಹರಿಯುವ ಗಾಳಿಗೂ ಇದೇ ಸೂತ್ರ ಸಲ್ಲುತ್ತೆ. ಫ್ಯಾನ್ ಹಾಕಿ ಜೋರಾಗಿ ನುಗ್ಗಿಸಿದಾಗ ಲೆಕ್ಕ ಇನ್ನೂ ಕಟುವಾಗುತ್ತೆ, ಗಾಳಿ ದುಪ್ಪಟ್ಟು ಮಾಡಬೇಕಾದರೆ ಒತ್ತಡ ದುಪ್ಪಟ್ಟಿಗಿಂತ ಹೆಚ್ಚು ಬೇಕು.

ಇದರಿಂದ ನಮಗೇನು ಅಂತೀರಾ? ರಾಶಿಯ ಎತ್ತರ ಎರಡು ಪಟ್ಟು ಮಾಡಿದಿರಿ ಅಂದುಕೊಳ್ಳಿ. ಕಾಳು ಎರಡು ಪಟ್ಟಾಯಿತು, ಹಾಗಾಗಿ ಅದೇ ಹೊತ್ತಿನಲ್ಲಿ ಒಣಗಿಸಲು ಗಾಳಿಯೂ ಎರಡು ಪಟ್ಟು ಬೇಕು. ಆ ಗಾಳಿ ಹೋಗಬೇಕಾದ ದಾರಿಯೂ ಎರಡು ಪಟ್ಟು. ಕಮ್ಮಿಯೆಂದರೂ ನಾಲ್ಕು ಪಟ್ಟು ಒತ್ತಡ, ಎಂಟು ಪಟ್ಟು ಕರೆಂಟು. ನಿಜದಲ್ಲಿ ಅದಕ್ಕೂ ಜಾಸ್ತಿ. ಆದ್ದರಿಂದಲೇ ನಾನು ಯಾರಾದರೂ "ಅಣ್ಣಾ, ಎಷ್ಟು ಎಚ್‌ಪಿ ಬ್ಲೋವರ್ ತರಲಿ?" ಅಂತ ಕೇಳಿದರೆ ಮೊದಲು ಗುಡ್ಡೆ ಎಷ್ಟು ಎತ್ತರ ಅಂತ ತಿರುಗಿ ಕೇಳ್ತೀನಿ. ದಪ್ಪ ಅರ್ಧ ಮಾಡುವುದಕ್ಕೆ ಒಂದು ಸಲಿಕೆ ಸಾಕು. ಮೋಟರಿಗೆ ಸಾಲ ಬೇಕು.

ರಾಶಿಯ ಮೇಲೆ ಟೇಬಲ್ ಫ್ಯಾನ್ ಇಟ್ಟು ಒಣಗಿಸುವ ವಿಡಿಯೊಗಳು ನಿಮಗೂ ಬಂದಿರಬೇಕು. ಲಕ್ಷಗಟ್ಟಲೆ ವೀಕ್ಷಣೆ ಇರುತ್ತೆ ಅವಕ್ಕೆ. ಗಾಳಿ ಮಹಾ ಸೋಮಾರಿ. ಸುಲಭದ ದಾರಿ ಒಂದಿದ್ದರೆ ಕಷ್ಟದ ದಾರಿ ತುಳಿಯೋದೇ ಇಲ್ಲ. ಮೇಲಿಂದ ಬೀಸಿದ ಗಾಳಿ ರಾಶಿಯ ಮೈ ಸವರಿ ಆಚೆ ಹೋಗುತ್ತೆ, ಒಳಗೆ ಒಂದು ಗೇಣೂ ಇಳಿಯೋದಿಲ್ಲ. ಕೈ ತೂರಿಸಿ ನೋಡಿದರೆ ನಡುವಿನ ಕಾಳಿಗೆ ಫ್ಯಾನ್ ಇರುವ ಸುದ್ದಿಯೇ ಮುಟ್ಟಿರೋದಿಲ್ಲ. ರಾಶಿಯ ನಡುವೆ ತೂತು ಕೊರೆದ ಪಿವಿಸಿ ಪೈಪ್ ನಿಲ್ಲಿಸುವುದು ಇದಕ್ಕಿಂತ ವಾಸಿ, ಬಿಸಿ ಗಾಳಿಗೆ ಅದು ಹೊಗೆಗೂಡಿನ ಕೆಲಸ ಮಾಡುತ್ತೆ. ಆದರೆ ಅದೇ ಪೈಪಿಗೆ ಬ್ಲೋವರ್ ಜೋಡಿಸಿ ಮೇಲಿನ ತುದಿಯವರೆಗೂ ತೂತು ಕೊರೆದಿದ್ದರೆ ಮತ್ತೆ ಅದೇ ಸೋಮಾರಿತನ: ಮೇಲಿನ ತೂತಿನಿಂದ, ಎಲ್ಲಿ ಕಾಳಿನ ಹೊದಿಕೆ ತೆಳುವೋ ಅಲ್ಲಿಂದ, ಗಾಳಿ ಪಾರಾಗಿಬಿಡುತ್ತೆ. ಬ್ಲೋವರ್ ಹಾಕುವುದಾದರೆ ತೂತಿನ ಪೈಪು ನೆಲದ ಮೇಲೆ ಮಲಗಿರಬೇಕು, ಅದರ ಮೇಲೆ ಎಲ್ಲ ಕಡೆ ಒಂದೇ ದಪ್ಪಕ್ಕೆ ಕಾಳು ಹರಡಿರಬೇಕು. ಗುಡ್ಡೆ ಆಗಬಾರದು, ಹಾಸಿಗೆ ಆಗಬೇಕು.

ನುಚ್ಚಿನ ವಿಷಯಕ್ಕೆ ಮತ್ತೆ ಬರ್ತೀನಿ. ರಾಶಿ ಮಷೀನಿನ ಬಾಯಿಂದ ಕಾಳು ಒಂದೇ ಕಡೆ ಸುರಿಯುವಾಗ ಗಮನಿಸಿದ್ದೀರಾ? ದಪ್ಪ ಕಾಳು ಉರುಳಿಕೊಂಡು ಅಂಚಿಗೆ ಹೋಗುತ್ತೆ. ನುಚ್ಚು, ಹೊಟ್ಟು, ಧೂಳು ಉರುಳುವುದಿಲ್ಲ, ಬಿದ್ದಲ್ಲೇ ಕೂರುತ್ತೆ. ಹಾಗಾಗಿ ಗುಡ್ಡೆಯ ನಟ್ಟನಡುವೆ ನುಚ್ಚಿನ ಒಂದು ಕಂಬವೇ ನಿಲ್ಲುತ್ತೆ. ಶಾಖ ಹೆಚ್ಚು ಕೂಡಿಕೊಳ್ಳೋದು ಎಲ್ಲಿ? ನಡುವೆ. ಗಾಳಿ ಆಡದ ಜಾಗ ಯಾವುದು? ಅದೇ ನಡು. ಬೂಸ್ಟಿಗೆ, ಹುಳಕ್ಕೆ ಇಷ್ಟದ ಊಟ ಯಾವುದು? ಸಿಪ್ಪೆ ಒಡೆದ ನುಚ್ಚು. ಮೂರೂ ಒಂದೇ ಜಾಗದಲ್ಲಿ ಸೇರಿಸಿ ಕೊಟ್ಟು, ಮೇಲೆ ತಾಡಪಾಲು ಹೊದಿಸ್ತೀವಿ ನಾವು. ದೊಡ್ಡ ಸೈಲೊಗಳಲ್ಲಿ ತುಂಬಿದ ಮೇಲೆ ನಡುವಿನ ಕಾಳನ್ನು ಸ್ವಲ್ಪ ಕೆಳಗಿನಿಂದ ಎಳೆದು ತೆಗೆಯುವ ರೂಢಿ ಇದೆ, ಈ ಕಂಬ ಮುರಿಯಲಿ ಅಂತ. ನಮಗೆ ಅಷ್ಟೆಲ್ಲ ಬೇಡ. ಮಷೀನಿನ ಬಾಯಿಗೆ ಒಂದು ಜರಡಿ ಕಟ್ಟಿ, ಒಂದೇ ಕಡೆ ಸುರಿಯದೆ ಜಾಗ ಬದಲಿಸುತ್ತಾ ಹೋಗಿ. ಮಷೀನಿನವನು ಗೊಣಗುತ್ತಾನೆ, ಅವನಿಗೆ ಗಂಟೆ ಲೆಕ್ಕ. ಗೊಣಗಲಿ ಬಿಡಿ. ಸಿಲಿಂಡರಿನ ವೇಗ ಸ್ವಲ್ಪ ತಗ್ಗಿಸು ಅಂತಲೂ ಹೇಳಿ, ಒಡೆಯುವ ಕಾಳು ಕಡಿಮೆಯಾಗುತ್ತೆ.

ಈರುಳ್ಳಿಯವರಿಗೂ ಇದೇ ಮಾತು. ಚಳ್ಳಕೆರೆ ಕಡೆಯವರಾಗಲಿ, ಗದಗ ಕಡೆಯವರಾಗಲಿ, ಗಡ್ಡೆ ವಿಂಗಡಿಸುವುದು ರೇಟಿಗೋಸ್ಕರ ಅಂದುಕೊಂಡಿದ್ದೀರಿ. ಅದಕ್ಕಿಂತ ದೊಡ್ಡ ಕಾರಣ ಗಾಳಿ. ಒಂದೇ ಗಾತ್ರದ ದಪ್ಪ ಗಡ್ಡೆಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದು ಇರುತ್ತೆ. ಅದರೊಳಗೆ ಸಣ್ಣ ಗಡ್ಡೆ ಬೆರೆಸಿದರೆ ಸಂದು ಮುಚ್ಚುತ್ತೆ. ಒಣ ಸಿಪ್ಪೆ, ಮಣ್ಣು, ಎಲೆ ಸೇರಿದರೆ ಪೂರ್ತಿ ಬಂದ್. ಈರುಳ್ಳಿಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ನೀರು. ಒಣಗಿಸಿ ಇಡುವ ಕಾಳಿನ ಹಾಗಲ್ಲ ಅದು, ಕೊನೆಯವರೆಗೆ ಉಸಿರಾಡುತ್ತಲೇ ಇರುವ ಗಡ್ಡೆ. ಹಾಗಾಗಿ ಅದರ ಮನೆಗೆ ನೆಲವೇ ಇರಬಾರದು. ನೆಲದಿಂದ ಎರಡಡಿ ಮೇಲೆ ಬಿದಿರಿನ ದಬ್ಬೆಯ ಅಟ್ಟ, ನಾಲ್ಕಡಿ ಅಗಲ, ಗಡ್ಡೆಯ ಎತ್ತರ ನಾಲ್ಕರಿಂದ ಐದಡಿ, ಪಕ್ಕಕ್ಕೆ ಜಾಲರಿ ಅಥವಾ ದಬ್ಬೆ, ಮೇಲೆ ಮುಂದಕ್ಕೆ ಚಾಚಿದ ಸೂರು. ಕೆಳಗಿನಿಂದ ತಣ್ಣನೆ ಗಾಳಿ ಹೊಕ್ಕು ಮೇಲಿನಿಂದ ಬಿಸಿ ಗಾಳಿ ಹೊರಡಬೇಕು. ಇಷ್ಟೆಲ್ಲ ಕಟ್ಟಿಸಿ, ಆಮೇಲೆ ಅಟ್ಟದ ಕೆಳಗಿನ ಆ ಎರಡಡಿ ಜಾಗ ಖಾಲಿ ಇದೆಯಲ್ಲ ಅಂತ ಹನಿ ನೀರಾವರಿ ಪೈಪು, ಹಳೇ ಚೀಲ, ಕೋಳಿ ಬುಟ್ಟಿ ತುರುಕಿಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಖಾಲಿ ಜಾಗ ಅಲ್ಲ ಕಣ್ರೀ ಅದು, ಅದೇ ಮಷೀನು.

ದಿಕ್ಕಿನ ಬಗ್ಗೆ ಒಂದು ಮಾತು. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ, ಹಿಂಗಾರಿನಲ್ಲಿ ಮೂಡಣದಿಂದ. ಹಾಗಾಗಿ ಈರುಳ್ಳಿ ಅಟ್ಟವಾಗಲಿ ಜೋಳದ ತೆನೆಯ ಗೂಡಾಗಲಿ ಉದ್ದ ತೆಂಕು-ಬಡಗಿಗೆ ಇರಲಿ. ಆಗ ಗಾಳಿ ಅಗಲದ ಕಡೆಯಿಂದ ಹಾಯುತ್ತೆ, ಅದು ದಾಟಬೇಕಾದ್ದು ನಾಲ್ಕೇ ಅಡಿ. ಉದ್ದಕ್ಕೆ ಎದುರಾಗಿ ಕಟ್ಟಿದರೆ ಮೂವತ್ತು ಅಡಿ ದಾಟಬೇಕು. ಬೀಸುವ ಗಾಳಿಗೆ ಅಷ್ಟು ಒತ್ತಡ ಎಲ್ಲಿದೆ? ಮನೆಯ ಗೋಡೆಗೆ ಒತ್ತಿ ಕಟ್ಟಬೇಡಿ, ಗಾಳಿ ಒಳಗೆ ಬರಬೇಕಾದರೆ ಆ ಕಡೆ ಹೊರಗೆ ಹೋಗಲು ಬಾಗಿಲೂ ಇರಬೇಕು.

ತೆನೆಯ ಗೂಡು ಅಂದೆನಲ್ಲ. ನಮ್ಮ ಅಜ್ಜನ ಕಾಲದಲ್ಲಿ ತೆನೆ ಬಿಡಿಸಿ ವಾರಗಟ್ಟಲೆ ಹಾಗೇ ಇಟ್ಟು, ಆಮೇಲೆ ಒಕ್ಕುತ್ತಿದ್ದರು. ತೆನೆಗಳ ನಡುವಿನ ಸಂದು ಕಾಳಿನ ಸಂದಿಗಿಂತ ಎಷ್ಟೋ ಪಟ್ಟು ಅಗಲ, ಬರೀ ಬೀಸುಗಾಳಿಗೇ ಒಣಗುತ್ತಿತ್ತು. ಈಗ ಕೂಲಿ ಸಿಗೋದಿಲ್ಲ, ಕಂಬೈನ್ ಬಂದು ಅರ್ಧ ದಿನದಲ್ಲಿ ಹಸಿ ಕಾಳು ಸುರಿದು ಹೋಗುತ್ತೆ. ಕಂಬೈನ್ ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಆದರೆ ಅದು ನಮ್ಮ ಹೊಲದ ಕೆಲಸ ಉಳಿಸಿ ಒಣಗಿಸುವ ಕೆಲಸ ಹೆಚ್ಚಿಸಿತು, ಆ ಲೆಕ್ಕ ಯಾರೂ ಹಾಕಲಿಲ್ಲ. ಎರಡು-ಮೂರು ಎಕರೆಯವರಿಗೆ ಗೂಡು ಇವತ್ತಿಗೂ ಒಳ್ಳೆಯದು. ಮಳೆಯ ಹವೆ ಹೆಚ್ಚಿರುವಲ್ಲಿ ಎರಡಡಿ ಅಗಲ, ಒಣ ಹವೆ ಇರುವಲ್ಲಿ ನಾಲ್ಕೈದು ಅಡಿಯವರೆಗೆ ಹೋಗಬಹುದು. ಇಪ್ಪತ್ತು ಎಕರೆಯವರಿಗೆ ಈ ಮಾತು ಒಗ್ಗುವುದಿಲ್ಲ, ಅವರು ಊರಿನ ಎಫ್‌ಪಿಒ ಮೂಲಕ ಡ್ರೈಯರ್ ಬಗ್ಗೆ ಯೋಚಿಸಲಿ.

ಒಣಗಿಸುವುದಕ್ಕೆ ಎಷ್ಟು ಗಾಳಿ ಬೇಕು ಅನ್ನುವ ಅಂದಾಜು ನಮಗಿಲ್ಲ, ಅದಕ್ಕೇ ಮೋಸ ಹೋಗ್ತೀವಿ. ಶೇ. 20ರ ತೇವಾಂಶದ ಒಂದು ಕ್ವಿಂಟಾಲ್ ಜೋಳವನ್ನು ಶೇ. 14ಕ್ಕೆ ಇಳಿಸಬೇಕಾದರೆ ಏಳು ಲೀಟರ್ ನೀರು ತೆಗೆಯಬೇಕು. ನನ್ನ ಅರವತ್ತು ಕ್ವಿಂಟಾಲಿಗೆ 420 ಲೀಟರ್, ಎರಡು ಡ್ರಮ್ ತುಂಬಿ ಮಿಗುವಷ್ಟು. 30 ಡಿಗ್ರಿ ಬಿಸಿ, ಶೇ. 60 ಆರ್ದ್ರತೆಯ ಒಳ್ಳೆ ಹವೆಯಲ್ಲೂ ಒಂದು ಕಿಲೊ ಗಾಳಿ ರಾಶಿಯೊಳಗಿಂದ ಹೊತ್ತು ತರುವುದು ಎರಡು-ಮೂರು ಗ್ರಾಂ ನೀರು ಮಾತ್ರ. ಅಂದರೆ ಒಂದೊಂದು ಕ್ವಿಂಟಾಲಿಗೆ ಎರಡು-ಮೂರು ಸಾವಿರ ಘನ ಮೀಟರ್ ಗಾಳಿ ಹಾಯಬೇಕು. ತಾಡಪಾಲಿನ ಅಂಚು ದಿನಕ್ಕೆ ಒಂದು ತಾಸು ಎತ್ತಿಟ್ಟರೆ ಆಗುವ ಕೆಲಸ ಅಲ್ಲ ಇದು. ತೆಳುವಾಗಿ ಹರಡಿ ಬಿಸಿಲಿಗೆ ಹಾಕುವುದು ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದರೆ, ಬಿಸಿಲು ಶಾಖವನ್ನು ಪುಕ್ಕಟೆ ಕೊಡುತ್ತೆ, ಗಾಳಿಗೆ ದಾಟಲು ಎರಡು ಬೆರಳು ದಪ್ಪವೂ ಇರೋದಿಲ್ಲ. ಹೆದ್ದಾರಿಯ ಮೇಲೆ ಹರಡುವುದು ಮಾತ್ರ ಬೇಡ. ಒಣಗುತ್ತೆ, ನಿಜ. ರಾತ್ರಿ ಬೈಕಿನವನು ಜಾರಿ ಬೀಳ್ತಾನೆ, ಅವನು ನಮ್ಮೂರವನೇ ಆಗಿರ್ತಾನೆ.

ಈಗ ಫೋನು ಹೊರತೆಗೆಯಿರಿ. ಹವಾಮಾನದ ಆ್ಯಪ್‌ನಲ್ಲಿ ಮಳೆಯ ಚಿಹ್ನೆ ಮಾತ್ರ ನೋಡ್ತೀವಿ. ಅದರ ಕೆಳಗೆ ಹ್ಯುಮಿಡಿಟಿ ಅಂತ ಒಂದು ಅಂಕಿ ಇರುತ್ತೆ, ರಾಶಿ ಇಟ್ಟವನಿಗೆ ಅದೇ ಮುಖ್ಯ. ಯಾಕಂದ್ರೆ ಗಾಳಿ ನೀರು ತಗೊಂಡು ಹೋಗುವುದಷ್ಟೇ ಅಲ್ಲ, ತಂದು ಕೊಡುವುದೂ ಉಂಟು. ಗಾಳಿಯ ಆರ್ದ್ರತೆ ಶೇ. 70ರ ಹತ್ತಿರ ಇದ್ದರೆ ಜೋಳ ಎಷ್ಟು ದಿನ ಗಾಳಿಗೆ ಬಿಟ್ಟರೂ ಶೇ. 13-14ಕ್ಕೆ ಬಂದು ನಿಲ್ಲುತ್ತೆ. 60 ಇದ್ದರೆ 12ರ ಆಸುಪಾಸು. ಆರ್ದ್ರತೆ 90 ಇರುವ ಜಡಿಮಳೆಯ ರಾತ್ರಿಯಲ್ಲಿ ಒಣಗಿದ ಜೋಳಕ್ಕೆ ಬ್ಲೋವರ್ ಹಾಕಿದರೆ ನೀವೇ ಕರೆಂಟು ಬಿಲ್ ಕಟ್ಟಿ ಜೋಳಕ್ಕೆ ನೀರು ಕುಡಿಸಿದ ಹಾಗೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯಿಂದ ಸಂಜೆ ಐದರವರೆಗೆ ಗಾಳಿ ಬಿಡಿ. ರಾತ್ರಿ ಮುಚ್ಚಿ. ನಮ್ಮ ಹಿರಿಯರು ರಾಶಿಯನ್ನು ಹಗಲು ಬಿಚ್ಚಿ ಸಂಜೆ ಮುಚ್ಚುತ್ತಿದ್ದದ್ದು ಇದನ್ನೇ, ಆ್ಯಪ್ ಇಲ್ಲದೆ.

ಇದಕ್ಕೊಂದು ಅಪವಾದ ಇದೆ, ಗಟ್ಟಿಯಾಗಿ ನೆನಪಿಡಿ. ರಾಶಿ ಆಗಲೇ ಬಿಸಿಯಾಗಿದ್ದರೆ ಹೊರಗಿನ ಆರ್ದ್ರತೆ ನೋಡುತ್ತಾ ಕೂರಬೇಡಿ. ತಣ್ಣನೆ ಗಾಳಿ ಬಿಸಿ ಕಾಳಿನ ನಡುವೆ ಹೊಕ್ಕ ಕೂಡಲೇ ತಾನೂ ಬಿಸಿಯಾಗುತ್ತೆ, ಬಿಸಿಯಾದ ಗಾಳಿಗೆ ನೀರು ಹೊರುವ ಶಕ್ತಿ ಹೆಚ್ಚು. ಮೊದಲು ಬಿಸಿ ಇಳಿಸಿ. ಬ್ಲೋವರ್ ಇಲ್ಲದಿದ್ದರೆ ಸಲಿಕೆ ಹಿಡಿದು ರಾಶಿ ತಿರುವಿ ಹಾಕಿ, ಶೆಡ್ಡಿನೊಳಗೆ ತೆಳುವಾಗಿ ಹರಡಿ. ಆವತ್ತು ನಾನು ಮೂರನೇ ದಿನ ಕೈ ಹಾಕಿ ನೋಡಿದ್ದರೆ ಅಷ್ಟರಲ್ಲೇ ಉಳಿಯುತ್ತಿತ್ತು.

ಆ್ಯಪ್ ತೋರಿಸುವುದು ಹತ್ತಿರದ ಪಟ್ಟಣದ ಅಂಕಿ, ನಿಮ್ಮ ಕೆರೆ ಪಕ್ಕದ ಕಣದ್ದಲ್ಲ. ಕೆಲವೇ ನೂರು ರೂಪಾಯಿಗೆ ಸಣ್ಣ ಹೈಗ್ರೊಮೀಟರ್ ಸಿಗುತ್ತೆ, ಶೆಡ್ಡಿನಲ್ಲಿ ಒಂದು ನೇತು ಹಾಕಿ. ಮಾಯಿಶ್ಚರ್ ಮೀಟರ್ ದುಬಾರಿ, ಒಬ್ಬರೇ ಕೊಳ್ಳಬೇಕಿಲ್ಲ, ಹತ್ತು ಮನೆ ಸೇರಿ ಒಂದು ಸಾಕು. ದಲಾಲಿ ಅಂಗಡಿಯಲ್ಲಿ ಅವರ ಮೀಟರ್ ಏನು ತೋರಿಸುತ್ತೋ ಅದನ್ನು ಒಪ್ಪಿಕೊಂಡು ಕಡಿತ ಮಾಡಿಸಿಕೊಂಡು ಬರುವುದಕ್ಕಿಂತ, ಮನೆಯಿಂದಲೇ ಅಂಕಿ ತಿಳಿದು ಹೋಗುವವನ ದನಿ ಬೇರೆ ಇರುತ್ತೆ. ಗಾಳಿ ಹಾಯುತ್ತಿದೆಯೋ ಇಲ್ಲವೋ ನೋಡಲು ಒಂದು ಊದಿನಕಡ್ಡಿ ಸಾಕು. ಬ್ಲೋವರ್ ಹಾಕಿ, ಕಾಳಿನ ಹಾಸಿಗೆಯ ಮೇಲೆ ಅಲ್ಲಲ್ಲಿ ಕಡ್ಡಿ ಹಿಡಿದು ಹೊಗೆ ಹೇಗೆ ಆಡುತ್ತೆ ಅಂತ ನೋಡಿ. ಒಂದು ಕಡೆ ಹೊಗೆ ಮೇಲಕ್ಕೆ ಚಿಮ್ಮಿ ಇನ್ನೊಂದು ಕಡೆ ಅಲ್ಲಾಡದೆ ನಿಂತರೆ, ನಿಂತ ಕಡೆ ನುಚ್ಚಿದೆ ಅಥವಾ ದಪ್ಪ ಹೆಚ್ಚಿದೆ. ಹೊಟ್ಟಿನ ಹತ್ತಿರ ಕೆಂಡ ಹುಷಾರು.

ಇಷ್ಟು ಹೊತ್ತು ಗಾಳಿಗೆ ದಾರಿ ಬಿಡಿ ಅಂದೆ. ಆದರೆ ಹಳೆ ಮೈಸೂರು ಕಡೆಯವರು ಕೇಳಬಹುದು: ನಮ್ಮಜ್ಜ ಹಗೇವಿನಲ್ಲಿ ರಾಗಿ ಇಡ್ತಿದ್ದ, ಅಲ್ಲಿ ಗಾಳಿ ಎಲ್ಲಿತ್ತು? ಒಳ್ಳೆ ಪ್ರಶ್ನೆ. ನೆಲದೊಳಗೆ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಡುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಅದು ಇದೇ ಸೂತ್ರದ ಇನ್ನೊಂದು ಮಗ್ಗುಲು. ರಾಗಿಯ ಸಂದು ಎಷ್ಟು ಸಣ್ಣ ಅಂತ ಬಾಟಲಿಯಲ್ಲಿ ಊದಿ ನೋಡಿದಿರಲ್ಲ, ಒಳಗೆ ಗಾಳಿ ಓಡಾಡುವುದೇ ಕಷ್ಟ. ಬಾಯಿ ಭದ್ರವಾಗಿ ಮುಚ್ಚಿದ್ದರಿಂದ ಹೊಸ ಗಾಳಿಯೂ ಬರೋದಿಲ್ಲ. ಸಂದಿನಲ್ಲಿದ್ದ ಅಷ್ಟಿಷ್ಟು ಆಮ್ಲಜನಕವನ್ನು ಕಾಳು, ಹುಳ ಎರಡೂ ಉಸಿರಾಡಿ ಮುಗಿಸುತ್ತವೆ. ಆಮೇಲೆ ಹುಳ ಸಾಯುತ್ತೆ, ಬೂಸ್ಟು ಬೆಳೆಯೋದಿಲ್ಲ. ನೆಲದೊಳಗೆ ಹಗಲು ರಾತ್ರಿಯ ಬಿಸಿ-ತಂಪಿನ ಏರುಪೇರು ಇಲ್ಲ, ಹಾಗಾಗಿ ನನ್ನ ತಾಡಪಾಲಿನೊಳಗೆ ಸುತ್ತಿದ ಗಾಳಿ ಅಲ್ಲಿ ಸುತ್ತೋದಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ದೀಪ ಇಳಿಸಿ ನೋಡುತ್ತಿದ್ದರು. ದೀಪ ನಂದಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ ಅರ್ಥ. ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರ ಕತೆಗಳು ಆ ಕಡೆಯ ಹಳ್ಳಿಗಳಲ್ಲಿ ಇನ್ನೂ ಹೇಳುತ್ತಾರೆ.

ಈಗ ಸಿಗುವ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲಗಳು ಇದೇ ಹಗೇವಿನ ಮೊಮ್ಮಕ್ಕಳು. ಬಿತ್ತನೆಗೆ, ಮನೆ ಖರ್ಚಿಗೆ ಇಡುವ ಕಾಳಿಗೆ ಗುಳಿಗೆ ಇಡುವುದಕ್ಕಿಂತ ಸಾವಿರ ಪಾಲು ವಾಸಿ. ಷರತ್ತು ಒಂದೇ: ಕಾಳು ಮೊದಲೇ ಚೆನ್ನಾಗಿ ಒಣಗಿರಬೇಕು. ಹಸಿ ಕಾಳು ಕಟ್ಟಿಟ್ಟರೆ ಹುಳಿ ವಾಸನೆ ಹಿಡಿಯುತ್ತೆ. ಹಸು ಸಾಕಿದವರು ಸೈಲೇಜ್ ಗುಂಡಿಯನ್ನು ಟ್ರಾಕ್ಟರ್ ಹತ್ತಿಸಿ ತುಳಿಸುವುದೂ ಸಂದಿನ ಗಾಳಿ ಹೊರಗಟ್ಟಲಿಕ್ಕೇ. ಅಲ್ಲಿ ಹುಳಿಯಾಗಲಿ ಅಂತಲೇ ಮಾಡ್ತೀವಿ.

ನನ್ನ ತಕರಾರು ಇಲ್ಲಿದೆ. ಒಂದೋ ಗಾಳಿ ಸಲೀಸಾಗಿ ಹಾಯಬೇಕು, ಇಲ್ಲವೇ ಒಂದಿಷ್ಟೂ ಹಾಯಬಾರದು. ತಾಡಪಾಲು ಎರಡೂ ಅಲ್ಲ. ಬೂಸ್ಟಿಗೆ ಸಾಕಾಗುವಷ್ಟು ಆಮ್ಲಜನಕ ಅಂಚಿನಿಂದ ನುಸುಳುತ್ತೆ, ಶಾಖ ಮತ್ತು ಆವಿ ಹೊರಗೆ ಹೋಗಲು ಬೇಕಾಗುವಷ್ಟು ನುಸುಳೋದಿಲ್ಲ. ಕೆಡಿಸುವುದಕ್ಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕೆಂದು ಮಾಡಿದರೂ ಸಿಗಲಿಕ್ಕಿಲ್ಲ. ಆದರೂ ಸಹಾಯಧನ ಅಂದ ಕೂಡಲೇ ನಾವು ಸಾಲು ನಿಲ್ಲುವುದು ತಾಡಪಾಲಿಗೆ. ಕೊಡುವವರನ್ನು ದೂರಲ್ಲ, ಕೇಳುವ ನಾವೇ ಅದನ್ನು ಕೇಳ್ತೀವಿ. ಗ್ರಾಮಸಭೆಯಲ್ಲಿ ಒಂದು ಸಿಮೆಂಟ್ ಕಣ, ಎಫ್‌ಪಿಒಗೆ ಒಂದು ಡ್ರೈಯರ್, ಈರುಳ್ಳಿ ಅಟ್ಟಕ್ಕೆ ತೋಟಗಾರಿಕೆ ಇಲಾಖೆಯ ಅರ್ಜಿ ಇವನ್ನು ಕೇಳುವವರು ಊರಿಗೆ ನಾಲ್ಕು ಜನ ಹುಡುಗರು ಎದ್ದು ನಿಲ್ಲಲಿ ಅನ್ನುವುದು ನನ್ನ ಆಸೆ.

ಇದರಲ್ಲಿ ದುಡ್ಡಿನ ಮಾತು ಇದ್ದೇ ಇದೆ. 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2400 ರೂಪಾಯಿ, ತೇವಾಂಶದ ಮಿತಿ ಶೇ. 14. ಪೇಟೆಯಲ್ಲಿ ಬೆಲೆ ಬೀಳುವುದು ಎಲ್ಲರ ರಾಶಿ ಒಟ್ಟಿಗೆ ಬಂದ ದಿನ. ಕಾಯುವ ಶಕ್ತಿ ಇದ್ದವನಿಗೆ ಆ ದಿನ ಮಾರಲೇಬೇಕೆಂಬ ಒತ್ತಾಯ ಇಲ್ಲ. ಕಾಯುವ ಶಕ್ತಿ ಅಂದರೆ ಬ್ಯಾಂಕಿನ ದುಡ್ಡು ಒಂದೇ ಅಲ್ಲ, ಕೆಡದ ಕಾಳೂ ಹೌದು. ನಾನು ಕಾಯಲು ಹೋಗಿ ಕೆಡಿಸಿಕೊಂಡೆ. ಕಾಯದೆ ಮೊದಲ ದಿನವೇ ಮಾರಿದ್ದರೂ ಅದಕ್ಕಿಂತ ಹೆಚ್ಚು ಕೈಗೆ ಬರುತ್ತಿತ್ತು.

ದುಡ್ಡಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಬೂಸ್ಟು ಹಿಡಿದ ಆ ಮೇಲಿನ ಪದರನ್ನು ನಾನು ಬೇರೆ ಮಾಡಿಟ್ಟೆ, ಐದಾರು ಚೀಲ ಆಯಿತು. ಬಿಸಾಕಲು ಮನಸ್ಸು ಬರಲಿಲ್ಲ, ತೊಳೆದು ಒಣಗಿಸಿ ಬೀಸಿ ಹಸುಗಳಿಗೆ ಹಾಕೋಣ ಅಂದೆ. ಪಶುವೈದ್ಯರು ಕೇಳಿದವರೇ ಬೈದರು. ಜೋಳದ ಮೇಲೆ ಬೆಳೆಯುವ ಆಸ್ಪರ್‌ಜಿಲ್ಲಸ್ ಅನ್ನುವ ಆ ಹಸಿರು ಬೂಸ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತೆ. ಬೂಸ್ಟನ್ನು ತೊಳೆಯಬಹುದು, ವಿಷ ತೊಳೆದರೂ ಪೂರ್ತಿ ಹೋಗೋದಿಲ್ಲ, ಕುದಿಸಿದರೂ ಹೋಗೋದಿಲ್ಲ. ಪಿತ್ತಜನಕಾಂಗ ಕೆಡಿಸುತ್ತೆ, ಕ್ಯಾನ್ಸರ್ ತರುವಂಥದ್ದು. ಹಸು ತಿಂದರೆ ಅದರ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತೆ. ಆ ಹಾಲನ್ನು ಡೈರಿಗೆ ಹಾಕುವವರು ನಾವು, ಒಂದು ಲೋಟ ಮನೆಗೆ ಉಳಿಸಿಕೊಂಡು ಮಕ್ಕಳಿಗೆ ಕೊಡುವವರೂ ನಾವೇ. ಕೋಳಿಗೆ ಹಾಕೋಣ ಅಂದುಕೊಂಡರೆ ಅವಕ್ಕೆ ಇನ್ನೂ ಬೇಗ ತಟ್ಟುತ್ತೆ. ಆ ಚೀಲಗಳನ್ನು ಹೊಲದ ಮೂಲೆಯಲ್ಲಿ ಗುಂಡಿ ತೆಗೆದು ಮುಚ್ಚಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಈಗ ನಮ್ಮ ಕಣದ ಪಕ್ಕ ಮೂವತ್ತಡಿ ಉದ್ದ, ಮೂರಡಿ ಅಗಲದ ತೆನೆಗೂಡು ಇದೆ. ಹಳೆ ಬೋರ್‌ವೆಲ್ ಪೈಪಿನ ಕಂಬ, ಬಿದಿರಿನ ದಬ್ಬೆ, ಪಕ್ಕಕ್ಕೆ ಕೋಳಿ ಜಾಲರಿ, ಮೇಲೆ ತಗಡು, ಇಲಿ ಹತ್ತದಂತೆ ಕಂಬಗಳಿಗೆ ತಗಡಿನ ಕೊರಳಪಟ್ಟಿ. ಮೊದಲ ವರ್ಷ ಅಗಲ ಐದಡಿ ಮಾಡಿದ್ದೆ, ಜಾಗ ಉಳಿಯಲಿ ಅಂತ. ಮಳೆ ಹೆಚ್ಚಿದ ವರ್ಷ ಅದು, ನಡುವಿನ ತೆನೆ ಕಪ್ಪಾಯಿತು. ಬಿಚ್ಚಿ ಮೂರಡಿಗೆ ಇಳಿಸಿದೆ. ನಮ್ಮ ಹೊಲದ ಅರ್ಧ ಬೆಳೆ ಅದರಲ್ಲಿ ಹಿಡಿಯುತ್ತೆ, ಉಳಿದ ಅರ್ಧವನ್ನು ಈಗಲೂ ಕೊಯ್ಲಾದ ವಾರವೇ ಮಾರ್ತೀವಿ. ಹಳೇ ತಾಡಪಾಲು ಇನ್ನೂ ಇದೆ. ಮಳೆ ಬಂದರೆ ಪಡುವಣ ಪಕ್ಕಕ್ಕೆ ಪರದೆ ಥರ ಇಳಿಬಿಡ್ತೀವಿ, ನಿಂತ ಕೂಡಲೇ ಸುತ್ತಿ ಮೇಲೆ ಕಟ್ಟುತ್ತೇವೆ. ಅಪ್ಪನಿಗೆ ಹೈಗ್ರೊಮೀಟರ್ ಮೇಲೆ ಇನ್ನೂ ನಂಬಿಕೆ ಬಂದಿಲ್ಲ, ದಿನಾ ಬೆಳಿಗ್ಗೆ ಜಾಲರಿಯ ಸಂದಿನಿಂದ ಕೈ ತೂರಿಸಿ ನೋಡುತ್ತಾರೆ. ಇಲ್ಲಿಯವರೆಗೆ ಇಬ್ಬರ ಲೆಕ್ಕವೂ ಒಂದೇ ಬಂದಿದೆ.